ಒಲೆ ಕಟ್ಟಿದವಳ ಮೊದಲ ರೊಟ್ಟಿ

ಕೇಶರಬಾಯಿಯ ಕಣ್ಣು ಕೆಂಪಗಿದ್ದವು. ಎಷ್ಟು ಕೆಂಪಗೆ ಎಂದರೆ, ಭಾಲ್ಕಿ ಸಂತೆಯಲ್ಲಿ ಆಕೆಯನ್ನು ಮೊದಲ ಸಲ ನೋಡಿದವರು ಈಕೆ ಹೊತ್ತು ಹುಟ್ಟುವ ಮೊದಲೇ ಶಿಂದಿ ಅಂಗಡಿಗೆ ಹೋಗಿ ಬಂದಿದ್ದಾಳೆ ಎಂದು ತೀರ್ಮಾನಿಸಿಬಿಡುತ್ತಿದ್ದರು. ಒಮ್ಮೆ ಔರಾದದ ಬಸ್ಸಿನ ಕಂಡಕ್ಟರ್ ಆಕೆಯನ್ನು ಮೆಟ್ಟಿಲ ಮೇಲೇ ತಡೆದು, "ಏ ಬಾಯಿ, ಕುಡದು ಗಾಡಿ ಹತ್ತಬ್ಯಾಡ" ಎಂದ.

"ಕುಡದಿಲ್ಲಪ್ಪ, ರೊಟ್ಟಿ ಸುಟ್ಟು ಬಂದೀನಿ" ಎಂದಳು ಆಕೆ.

ಕಂಡಕ್ಟರನಿಗೆ ಅದೂ ಕುಡಿದವರ ಮಾತಿನಂತೆಯೇ ಕೇಳಿಸಿತು. ಆದರೆ ಆಕೆ ಹೇಳಿದ್ದು ಖರೆ. ಆ ಬಣ್ಣ ಸಗಣಿ ಕುಳ್ಳಿನ ಹೊಗೆಯದು. ಆಕೆಯ ತಾಯಿ ಔರಾದದವಳು, ಐವತ್ತು ವರ್ಷ ಒಲೆ ಊದಿದವಳು. ಕೊನೆಯ ಆರು ವರ್ಷ ಆಕೆ ಮಗಳನ್ನು ಗುರುತಿಸಿದ್ದು ಮುಖದಿಂದಲ್ಲ, ಕೆಮ್ಮಿನಿಂದ. "ಕೇಶರಿ ಬಂದಳೇನು? ಕೆಮ್ಮು ಕೇಳಿಸ್ತು" ಎನ್ನುತ್ತಿದ್ದಳು ಮುದುಕಿ.

ನಮ್ಮ ಕಡೆ ಮನೆ ಕಟ್ಟುವವರು ಗಂಡಸರು, ಅದರೊಳಗೆ ಬೇಯುವವರು ಹೆಂಗಸರು. ಎತ್ತಿಗೆ ಗಾಳಿ ಬೇಕು, ಜೋಳದ ಚೀಲಕ್ಕೆ ಗಾಳಿ ಬೇಕು, ಕಟ್ಟೆಯ ಮೇಲೆ ಕೂತು ಎಲೆ ಹಾಕುವ ಯಜಮಾನನಿಗಂತೂ ನಾಲ್ಕೂ ದಿಕ್ಕಿನ ಗಾಳಿ ಬೇಕು. ಅಡುಗೆಮನೆಗೆ ಮಾತ್ರ ಕಿಟಕಿ ಇಟ್ಟರೆ ಮನೆತನದ ಮರ್ಯಾದೆ ಹಾರಿಹೋಗುತ್ತದೆ. ಹೀಗಾಗಿ ಮರ್ಯಾದೆಯೂ ಹೊಗೆಯೂ ಒಳಗೇ ಉಳಿದವು. ಕಟ್ಟೆಯ ಮೇಲಿನವರು ಆಗಾಗ ಒಳಗೆ ಮುಖ ಮಾಡಿ, "ಯಾಕ ಅಷ್ಟು ಕೆಮ್ಮತೀರಿ, ಹೊರಗ ಮಂದಿ ಕೂತಾರ" ಎಂದು ಗದರುವುದೂ ಇತ್ತು.

ಕೇಶರಬಾಯಿಯ ಕೆಲಸವೇ ಒಲೆ ಮಾಡುವುದು. ಭಾಲ್ಕಿಯಿಂದ ಖಟಕ ಚಿಂಚೋಳಿಯ ಹಾದಿಯಲ್ಲಿ ಮೂರು ಮೈಲಿ ನಡೆದರೆ ಸಿಗುವ ಸಣ್ಣ ಊರು ಆಕೆಯದು. ಊರ ಹೊರಗಿನ ಕೇರಿಯಲ್ಲಿ ಮನೆ, ಮನೆ ಮುಂದೆ ಮಣ್ಣಿನ ಗುಡ್ಡೆ. ಎರೆಮಣ್ಣಿಗೆ ಕತ್ತೆ ಲದ್ದಿ, ಗೋದಿ ಹೊಟ್ಟು ಸೇರಿಸಿ ಎರಡು ದಿನ ತುಳಿದು, ಮೂರನೆಯ ದಿನ ಆಕೆ ಕೈಯಿಟ್ಟರೆ ಒಲೆಗೆ ತಾನಾಗಿಯೇ ಬಾಯಿ ಮೂಡುತ್ತಿತ್ತು. ಊರಿಗೆ ಊರೇ ಆಕೆಯ ಒಲೆಯ ಮೇಲೆ ಉಣ್ಣುತ್ತಿತ್ತು. ಊರಿನವರು ಉಣ್ಣಬಹುದಿತ್ತು, ಆಕೆ ಮಾತ್ರ ಒಳಗೆ ಹೋಗಬಾರದಿತ್ತು. ಒಲೆಯನ್ನು ತಲೆಯ ಮೇಲೆ ಹೊತ್ತು ತಂದು ಹಿತ್ತಲ ಬಾಗಿಲ ಹೊರಗೆ ಇಡಬೇಕು. ಮನೆಯವರು ಅದಕ್ಕೆ ನೀರು ಚಿಮುಕಿಸಿ, ಸಗಣಿ ಸಾರಿಸಿ, ಆಮೇಲೆ ಒಳಗೆ ಒಯ್ಯಬೇಕು. ಒಂದು ಕೊಡ ನೀರಿಗೆ ಇಷ್ಟು ಶಕ್ತಿ ಇದ್ದರೆ ಅದನ್ನು ಆಕೆಯ ಮೇಲೇ ಸುರಿದು ಒಳಗೆ ಕರೆಯಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ. ಕೇಳುವಂಥವರೆಲ್ಲ ಹೊರಗೆ ನಿಂತಿದ್ದರು.

ಇದರ ಜೊತೆಗೆ ಒಂದು ಪದ್ಧತಿ ಇತ್ತು. ಹೊಸ ಒಲೆಯ ಮೇಲೆ ಸುಟ್ಟ ಮೊದಲ ರೊಟ್ಟಿಯನ್ನು ಒಲೆ ಮಾಡಿದವಳು ತಿನ್ನಬೇಕು. ಆಕೆ ತಿನ್ನದಿದ್ದರೆ ಆ ಒಲೆ ಮನೆಗೆ ಹತ್ತುವುದಿಲ್ಲ, ಹಿಟ್ಟು ಸಾಲುವುದಿಲ್ಲ, ಸೊಸೆ ನಿಲ್ಲುವುದಿಲ್ಲ. ಹೀಗಾಗಿ ಮನೆಯಾಕೆ ಹಿತ್ತಲಿಗೆ ಬಂದು, ಮೊಳದೆತ್ತರದಿಂದ ಆಕೆಯ ಸೆರಗಿಗೆ ರೊಟ್ಟಿ ಬಿಡುತ್ತಿದ್ದಳು. ಗುರಿ ತಪ್ಪಿ ನೆಲಕ್ಕೆ ಬಿದ್ದರೆ ಕೇಶರಬಾಯಿ ಎತ್ತಿಕೊಂಡು, ಮಣ್ಣು ಒರೆಸಿ, ಎದುರಿಗೇ ತಿಂದು ತೋರಿಸಬೇಕು.

೧೯೫೬ರ ದಸರೆಗೆ ಆಕೆಯ ಗಂಡ ಏಕನಾಥ ನಾಗಪುರಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದ. ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹದಿನೇಳು ಅವನಿಗೆ ಬಾಯಿಪಾಠವಾಗಿದ್ದವು. ಉಳಿದ ಐದನ್ನು ನಾಗಪುರ ನೋಡದ ಹೆಂಡತಿಯೇ ಅವನಿಗೆ ನೆನಪಿಸುತ್ತಿದ್ದಳು. ಅದಾಗಿ ಹದಿನೈದು ದಿನಕ್ಕೆ ಇನ್ನೊಂದು ಸುದ್ದಿ ಬಂತು. ಹೈದರಾಬಾದ್ ರಾಜ್ಯ ಮೂರು ಹೋಳಾಗಿದೆ, ನಾವು ಮೈಸೂರಿನ ಪಾಲಿಗೆ ಬಂದಿದ್ದೇವೆ ಎಂದು.

"ಮೈಸೂರ ಎಲ್ಲಿ ಅದ?" ಎಂದಳು ಕೇಶರಬಾಯಿ.

"ದೂರ ಅದ. ರೇಲ್ವೆಯಾಗ ಎರಡು ದಿನದ ಹಾದಿ."

"ಅಷ್ಟು ದೂರದವರಿಗಿ ನಾವು ಬೇಕಾದೆವು. ಪಾಟೀಲರ ಹಿತ್ತಲಿಂದ ಅಡಗಿಮನಿಗಿ ಎಂಟು ಹೆಜ್ಜಿ ಅದ, ಅಲ್ಲಿಗಿ ಇನ್ನೂ ಬ್ಯಾಡಾಗೀವಿ."

ಅಂದಿನಿಂದ ಆಕೆ ಮೇಲಿನಿಂದ ಬಿಟ್ಟ ರೊಟ್ಟಿಗೆ ಸೆರಗು ಒಡ್ಡುವುದನ್ನು ನಿಲ್ಲಿಸಿದಳು. ಒಲೆ ಕೊಟ್ಟು, ತಿರುಗಿ ನೋಡದೆ ಬರುತ್ತಿದ್ದಳು. ಊರಲ್ಲಿ ಗುಸುಗುಸು ಎದ್ದಿತು. ಒಂದು ಮನೆಯ ಹಿಟ್ಟಿನಲ್ಲಿ ಹುಳ ಬಿತ್ತು, ಇನ್ನೊಂದರಲ್ಲಿ ಸೊಸೆ ತವರಿಗೆ ಹೋದಳು. ಆ ಸೊಸೆಗೆ ಅತ್ತೆ ಹೊಡೆಯುತ್ತಿದ್ದಳು ಎಂಬುದನ್ನು ಬಿಟ್ಟು ಮತ್ತೆಲ್ಲ ಕಾರಣಗಳನ್ನೂ ಊರು ಹುಡುಕಿತು. ಕೊನೆಗೆ ಕೇಶರಬಾಯಿ ತಿನ್ನದ ರೊಟ್ಟಿಯೇ ಕಾರಣ ಎಂದು ಠರಾವಾಯಿತು.

ಮರುವರ್ಷದ ಬೇಸಗೆಗೆ ಮೈಸೂರು ಸರ್ಕಾರ ತನ್ನ ಒಬ್ಬ ಸಾಹೇಬರನ್ನು ನಮ್ಮ ಜಿಲ್ಲೆಗೆ ಕಳಿಸಿತು. ಮೈಸೂರು ಕಡೆಯವರು, ಬಿಳಿ ಪ್ಯಾಂಟಿನವರು, ಒಳ್ಳೆಯವರು. ಒಳ್ಳೆಯವರು ಮಾಡುವ ತಪ್ಪುಗಳನ್ನೇ ಮಾಡಿದರು. ಅವರು ತಂದದ್ದು ಹೊಗೆಯಿಲ್ಲದ ಒಲೆಯ ಯೋಜನೆ. ಗೋಡೆಗೆ ತಾಗಿಸಿ ಮಣ್ಣಿನ ಉದ್ದನೆಯ ಒಲೆ, ಮೇಲೆ ಮೂರು ಪಾತ್ರೆಗೆ ಮೂರು ತೂತು, ಒಳಗೆ ಸುರಂಗ, ಕೊನೆಗೆ ಮಾಳಿಗೆ ದಾಟಿ ಹೊರಗೆ ಹೋಗುವ ಕೊಳವೆ. ಬೀದರಿನ ಕೋಟೆಯ ಹೊರಗಿನ ಮೈದಾನದಲ್ಲಿ ತರಬೇತಿ ನಡೆಯಿತು. ತರಬೇತಿಗೆ ಆರಿಸಿದ್ದು ಹನ್ನೆರಡು ಜನ ಗೌಂಡಿಗಳನ್ನು. ಹನ್ನೆರಡೂ ಗಂಡಸರು, ಜೀವಮಾನದಲ್ಲಿ ಒಲೆಗೆ ಕಡ್ಡಿ ಗೀರದವರು. ಕೇಶರಬಾಯಿಯೂ ಹೋಗಿದ್ದಳು, ಮಣ್ಣು ತುಳಿಯಲು. ಕಚೇರಿಯ ಚಪರಾಸಿ ಶರಫೋದ್ದೀನ ಆಕೆಯನ್ನು ಭಾಲ್ಕಿ ಸ್ಟೇಶನ್ನಿನಿಂದ ರೈಲು ಹತ್ತಿಸಿಕೊಂಡು ಹೋಗಿದ್ದ.

ಶರಫೋದ್ದೀನ ನಿಜಾಮರ ಕಾಲದ ನೌಕರ. ಸಾಹೇಬರ ಕನ್ನಡವನ್ನು ನಮ್ಮ ಕನ್ನಡಕ್ಕೆ ಇಳಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.

"ಹೊಗೆಯು ನೇತ್ರಗಳಿಗೂ ಶ್ವಾಸಕೋಶಗಳಿಗೂ ಅತ್ಯಂತ ಹಾನಿಕರ" ಎಂದರು ಸಾಹೇಬರು.

"ಸಾಹೇಬರು ಅಂತಾರ, ಹೊಗಿ ಚಲೋ ಅಲ್ಲಂತ" ಎಂದ ಶರಫೋದ್ದೀನ.

ನೋಡಲು ಬಂದ ಹೆಂಗಸರಲ್ಲಿ ಒಬ್ಬಳು, "ಇಷ್ಟು ಹೇಳ್ಲಾಕ ಮೈಸೂರಿಂದ ಬಂದಾರೇನು ಪಾಪ" ಎಂದಳು.

"ಅವರೇನಂದರು?" ಎಂದು ಸಾಹೇಬರು ಕೇಳಿದರು.

"ಶುಕ್ರಿಯಾ ಅಂದರು ಸಾಬ್."

ಸಾಹೇಬರು ಡಿಪೋದಿಂದ ತರಿಸಿದ ಒಣ ಜಾಲಿ ಕಟ್ಟಿಗೆ ಹಾಕಿ ಒಲೆ ಹೊತ್ತಿಸಿದರು. ಮೊದಲ ತೂತಿನ ಮೇಲೆ ಅನ್ನ, ಎರಡನೆಯದರ ಮೇಲೆ ಸಾರು, ಮೂರನೆಯದರ ಮೇಲೆ ಬಿಸಿನೀರು. ಹೊಗೆ ಕೊಳವೆಯಲ್ಲಿ ಶಿಸ್ತಾಗಿ ಮೇಲಕ್ಕೆ ಹೋಯಿತು. ಹೆಂಗಸರು ಬಾಯಿ ತೆರೆದು ನೋಡಿದರು. ಮೊಣಕಾಲ ತನಕ ಕೆಸರಾಗಿದ್ದ ಕೇಶರಬಾಯಿ ಹಿಂದಿನಿಂದ ಕೇಳಿದಳು.

"ಅನ್ನ ಆಯ್ತುರಿ ಸಾಹೇಬರ. ರೊಟ್ಟಿ ಎಲ್ಲಿ ನಿಂದರಸಬೇಕ್ರಿ?"

"ರೊಟ್ಟಿಯನ್ನು ನಿಲ್ಲಿಸುವುದೇಕೆ? ಅದು ಮಲಗಿಕೊಂಡೇ ಬೇಯಬಹುದಲ್ಲ."

ಸುತ್ತಲಿದ್ದವರೆಲ್ಲ ಗೊಳ್ಳೆಂದರು. ನಮ್ಮ ಜೋಳದ ರೊಟ್ಟಿ ತವೆಯ ಮೇಲೆ ಅರ್ಧವಷ್ಟೇ ಬೇಯುತ್ತದೆ. ಆಮೇಲೆ ಅದನ್ನು ಒಲೆಯ ಬಾಯಿಯಲ್ಲಿ ಕೆಂಡಕ್ಕೆ ಮುಖ ಮಾಡಿ ನಿಲ್ಲಿಸಬೇಕು, ಆಗ ಉಬ್ಬುತ್ತದೆ. ಸಾಹೇಬರ ಒಲೆಗೆ ಬಾಯಿ ಇಲಿಯ ಬಿಲದಷ್ಟು. ಅನ್ನ ನಮಗೆ ಮದುವೆಯಲ್ಲಿ ಸಿಗುವ ಊಟ. ಆ ಒಲೆ ಇಡಬೇಕೆಂದರೆ ದಿನಾ ಯಾರದಾದರೂ ಮದುವೆ ಮಾಡಬೇಕು. ಇನ್ನು ಜಾಲಿ ಕಟ್ಟಿಗೆ ಯಾರಪ್ಪನ ಮನೆಯದು? ನಮ್ಮಲ್ಲಿ ಉರಿಯುವುದು ಕುಳ್ಳು, ತೊಗರಿ ಕಟಗಿ. ಹೆಂಗಸರು ಹಟ ಮಾಡಿ ನಾಲ್ಕು ಕುಳ್ಳು ಹಾಕಿಸಿದರು. ಬೂದಿ ಹೋಗಿ ಸುರಂಗ ಕಟ್ಟಿಕೊಂಡಿತು. ಒಲೆ ಒಂದು ಸಲ ಬಿಕ್ಕಿ, ಸಾಹೇಬರ ಬಿಳಿ ಪ್ಯಾಂಟಿಗೆ ಮಸಿ ಉಗುಳಿತು. ಕುಳ್ಳು ಹಾಕುವ ಮೊದಲೇ ಸಾಹೇಬರು ಪುಸ್ತಕದಲ್ಲಿ "ಪ್ರಾತ್ಯಕ್ಷಿಕೆ ಯಶಸ್ವಿ" ಎಂದು ಬರೆದು ಮುಗಿಸಿದ್ದರು, ಅದು ಪುಣ್ಯ.

ಕೇಶರಬಾಯಿ ಮಾತ್ರ ನಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಆಕೆ ಆ ಒಲೆಯೊಳಗೆ ಮೊಳಕೈ ತನಕ ಕೈ ಹಾಕಿ, ಸುರಂಗದ ಗೋಡೆ ಸವರಿ, ಎಲ್ಲಿ ತಿರುಗುತ್ತದೆ, ಎಲ್ಲಿ ಏರುತ್ತದೆ ಎಂದು ಬೆರಳಿನಿಂದ ಓದಿಕೊಂಡಳು. ಬರುವಾಗ ಒಡಕು ಬಿಟ್ಟ ಎರಡು ಮಣ್ಣಿನ ಕೊಳವೆಗಳನ್ನು ಶರಫೋದ್ದೀನನ ಹತ್ತಿರ ಕೇಳಿ ತಂದಳು.

ಮುಂದಿನ ಒಂದೂವರೆ ತಿಂಗಳು ಏಕನಾಥನ ಮನೆಯಲ್ಲಿ ಒಲೆ ಐದು ಸಲ ಎದ್ದು ನಾಲ್ಕು ಸಲ ಬಿತ್ತು. ಐದನೆಯದು ನಿಂತಿತು. ಬಾಯಿ ಗೇಣಗಲ, ಅದರ ಮುಂದೆ ರೊಟ್ಟಿ ನಿಲ್ಲುವಂತೆ ಒಂದು ತುಟಿ. ಕೆಳಗೆ ಬೂದಿ ಎಳೆಯಲು ಬೇರೆ ಕಿಂಡಿ. ಮೂರು ತೂತಿನ ಬದಲು ಎರಡು. ಒಳಗಿನ ಹಾದಿ ಎಳೆಗರುವಿನ ಗಂಟಲಿನಂತೆ ಮೆಲ್ಲಗೆ ಏರಿ ಕೊಳವೆ ಸೇರುತ್ತಿತ್ತು. ಕೊಳವೆಯ ಬುಡದಲ್ಲಿ ಸರಿಸಲು ಬರುವ ಒಂದು ಹಂಚಿನ ಬಿಲ್ಲೆ: ಉರಿ ಇದ್ದಾಗ ತೆರೆದಿಡಬೇಕು, ಉರಿ ಆರಿದ ಮೇಲೆ ಕಾವು ಉಳಿಯಲೆಂದು ಮುಚ್ಚಬೇಕು.

ಹೊಗೆ ಹೋಯಿತು. ಏಕನಾಥನಿಗೆ ಅದೇ ಒಂದು ಚಿಂತೆಯಾಯಿತು. ಮಾಳಿಗೆಯ ತೊಲೆಯಲ್ಲಿದ್ದ ಹುಳಹುಪ್ಪಡಿ ಕೆಳಗೆ ಇಳಿಯತೊಡಗಿದವು, ಸೊಳ್ಳೆ ಬಂದವು. "ಮನಿಯಾಗ ಹೊಗಿ ಇಲ್ಲಂದ್ರ ಮನಿ ಅನ್ಸಂಗಿಲ್ಲ. ಯಾರೋ ಸತ್ತಂಗ ಅನಸ್ತದ" ಎಂದ.

"ಹೊಗಿ ಇದ್ದಾಗ ನೀ ಎಂದು ಒಳಗ ಕೂತಿದ್ದಿ?"

"ಕೂತಿಲ್ಲ. ಆದ್ರ ಹೊರಗಿಂದ ನೋಡ್ಲಾಕ ಛಂದ ಕಾಣ್ತಿತ್ತು."

ಮೂರು ತಿಂಗಳಿಗೆ ಕೇಶರಬಾಯಿಯ ಕಣ್ಣು ಬೆಳ್ಳಗಾದವು. ಸಂತೆಯಲ್ಲಿ ಜನ ಗುರುತು ಹಿಡಿಯದೆ ದಾಟಿಹೋದರು. ಗುರುತು ಹಿಡಿದವರು, "ಯಾಕವ್ವ, ಆರಾಮಿಲ್ಲೇನು, ಕಣ್ಣು ಬಿಳಚ್ಯಾವ" ಎಂದು ಮರುಗಿದರು. ಕೇರಿಯ ಒಂಬತ್ತು ಮನೆಯವರು ಅಂಥ ಒಲೆ ಕಟ್ಟಿಸಿಕೊಂಡರು.

ಸುದ್ದಿ ಶರಫೋದ್ದೀನನಿಂದ ಸಾಹೇಬರಿಗೆ ಹೋಯಿತು. ಸಾಹೇಬರು ಬಂದು, ಬಗ್ಗಿ, ಒಲೆಯೊಳಗೆ ಕೈ ಹಾಕಿ, ಮಸಿ ಮೆತ್ತಿಕೊಂಡು ಸಂತೋಷಪಟ್ಟರು. ಅವರಿಗೂ ಒಂದು ಇಕ್ಕಟ್ಟಿತ್ತು. ಇಪ್ಪತ್ತು ದಿನಕ್ಕೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು, ಜಿಲ್ಲೆಯಲ್ಲಿ ಉರಿಯುವ ಒಂದೂ ಸರ್ಕಾರಿ ಒಲೆ ಇರಲಿಲ್ಲ.

"ಇಲ್ಲೇ ತೋರಸ್ರಿ ಸಾಬ್, ಒಂಬತ್ತು ಮನಿ ಅವ" ಎಂದ ಶರಫೋದ್ದೀನ.

"ಇಲ್ಲಿ ಬೇಡ. ಮೊದಲು ಊರಿನ ಗಣ್ಯರ ಮನೆಯಲ್ಲಿ ಆಗಬೇಕು. ಸುಧಾರಣೆ ಯಾವತ್ತೂ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ."

ಹೊಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆಂದು ಮೂರು ಭಾಷೆಯಲ್ಲಿ ಓದಿದ ಮನುಷ್ಯ ಹೇಳಿದ ಮಾತಿದು.

ಊರಿನ ಗಣ್ಯರೆಂದರೆ ಗೋರಖನಾಥ ಪಾಟೀಲರು. ಅವರ ತಾಯಿ ಅನುಸೂಯಾಬಾಯಿಗೆ ಎಪ್ಪತ್ತು ವರ್ಷ, ಕೆಮ್ಮಿಗೆ ನಲವತ್ತು. ಹೆಂಡತಿ ಸುಭದ್ರಾಬಾಯಿಯ ಕಣ್ಣೂ ಕೆಂಪಗೇ ಇದ್ದವು, ಆದರೆ ಪಾಟೀಲರ ಮನೆಯ ಸೊಸೆಯಾದ್ದರಿಂದ ಯಾರೂ ಶಿಂದಿಯ ಮಾತು ಆಡಿರಲಿಲ್ಲ. ಸರ್ಕಾರದ ಸಾಹೇಬರು ಮನೆಗೆ ಬರುತ್ತಾರೆಂದ ಕೂಡಲೇ ಪಾಟೀಲರು ಒಪ್ಪಿ ಸಹಿ ಹಾಕಿದರು. ಆಮೇಲೆ ಕೇಶರಬಾಯಿಯನ್ನು ಹಿತ್ತಲಿಗೆ ಕರೆಸಿದರು.

"ಏ ಕೇಶರಿ, ಅದೇನೋ ಒಲಿ ಮಾಡಿಯಂತಲ್ಲ. ನಮಗೂ ಒಂದು ಮಾಡಿ ತಂದು ಇಲ್ಲಿ ಇಡು."

"ಅದು ಹೊತ್ತು ತರೋ ಒಲಿ ಅಲ್ಲರಿ ಪಾಟೀಲರ. ಗ್ವಾಡಿಗಿ ಹಚ್ಚಿ, ಮಾಳಗಿ ತೂತು ಮಾಡಿ, ಒಳಗೇ ಕೂತು ಕಟ್ಟಬೇಕ್ರಿ."

ಪಾಟೀಲರಿಗೆ ಈಗ ಹೊಳೆಯಿತು. ಇಷ್ಟು ದಿನ ಒಲೆ ಹೊರಗೆ ಹುಟ್ಟಿ ಒಳಗೆ ಹೋಗುತ್ತಿತ್ತು. ಈ ಹಾಳು ಒಲೆ ಒಳಗೇ ಹುಟ್ಟಬೇಕೆನ್ನುತ್ತದೆ. ಕೇಶರಬಾಯಿ ಇನ್ನೂ ಮುಗಿಸಿರಲಿಲ್ಲ.

"ಮತ್ತ ಮೊದಲನೇ ರೊಟ್ಟಿ ನಾ ಒಲಿ ಮಗ್ಗಲಕ ಕೂತು, ತಾಟಿನಾಗ ಹಾಕಿಸ್ಕೊಂಡು ತಿಂತೇನಿ. ಮ್ಯಾಲಿಂದ ಬಿಟ್ಟದ್ದು ತಿನ್ನಂಗಿಲ್ಲರಿ."

"ತಿನ್ನದಿದ್ರ ಬಿಡು."

"ಬಿಡ್ತೇನ್ರಿ. ಒಲಿ ನಿಮಗ ಹತ್ತಲಿಲ್ಲಂದ್ರ ನನಗ ಅನಬ್ಯಾಡ್ರಿ."

ಅಸ್ಪೃಶ್ಯತೆ ಅಪರಾಧವೆಂದು ಕಾಯ್ದೆ ಬಂದು ಆಗ ಎರಡು ವರ್ಷ. ಕಾಯ್ದೆ ದಿಲ್ಲಿಯಿಂದ ಹೊರಟಿತ್ತು, ಪಾಟೀಲರ ಹಿತ್ತಲಿನ ತನಕ ಬರಲು ಅದಕ್ಕೆ ಬಸ್ಸು ಸಿಕ್ಕಿರಲಿಲ್ಲ. ಆದರೆ ಪಾಟೀಲರು ಬುದ್ಧಿವಂತರು, ಮಧ್ಯದ ದಾರಿ ಹುಡುಕಿದರು. ಅಡುಗೆಮನೆಯ ಹಿಂಗೋಡೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ ಇತ್ತು. ಕೇಶರಬಾಯಿ ಹೊರಗೆ ಅದರ ಹತ್ತಿರ ನಿಂತು ಹೇಳಬೇಕು, ಒಳಗೆ ಸುಭದ್ರಾಬಾಯಿ ಕಟ್ಟಬೇಕು. ಮಾತಿಗೆ ಮೈಲಿಗೆ ಇಲ್ಲ. ರೊಟ್ಟಿಯ ವಿಚಾರ ಆಮೇಲೆ ನೋಡೋಣ.

ಹೀಗೆ ಒಲೆ ಕಟ್ಟಿದ ಮನೆ ಭೂಮಿಯ ಮೇಲೆ ಇನ್ನೊಂದಿರಲಿಕ್ಕಿಲ್ಲ. ಕಿಂಡಿ ಸಣ್ಣದು. ಕೇಶರಬಾಯಿ ಅದಕ್ಕೆ ಕಣ್ಣು ಹಚ್ಚಿದರೆ ಬಾಯಿ ಗೋಡೆಗೆ ಬರುತ್ತಿತ್ತು, ಬಾಯಿ ಹಚ್ಚಿದರೆ ಕಣ್ಣು ಗೋಡೆಗೆ. ನೋಡಿದಾಗ ಹೇಳಲಾಗುತ್ತಿರಲಿಲ್ಲ, ಹೇಳಿದಾಗ ನೋಡಲಾಗುತ್ತಿರಲಿಲ್ಲ.

"ಅವ್ವಾರ, ಎಡಕ್ಕ ಮಣ್ಣು ಜಾಸ್ತಿ ಆಯ್ತು, ತೆಗೀರಿ."

"ತೆಗದೆ."

ಕೇಶರಬಾಯಿ ಕಣ್ಣು ಹಚ್ಚಿದಳು. "ಅದು ಬಲಕ್ಕರಿ."

"ನನಗ ಅದೇ ಎಡಕ್ಕ ಆಗ್ತದ. ನೀ ಆ ಕಡಿ ನಿಂತೀದಿ, ನಾ ಈ ಕಡಿ."

"ಸುರಂಗ ಮೂರು ಬಟ್ಟು ಅಗಲ ಬಿಡ್ರಿ. ತಿರುಗೋ ಜಾಗದಾಗ ನಾಕು ಬಟ್ಟು."

ಸುಭದ್ರಾಬಾಯಿ ಮೊಳಕೈ ತನಕ ಕೆಸರಾಗಿ, ಬಟ್ಟಿಗೊಂದು ಬೆರಳಿಟ್ಟು ಅಳೆದು ಅಳೆದು ಕಟ್ಟಿದಳು. ನಡುಮನೆಯಲ್ಲಿ ಕೂತ ಪಾಟೀಲರು ಸರ್ಕಾರದ ಕರಪತ್ರ ಹಿಡಿದು, "ಇದರಾಗ ಇಂಚು ಅಂತ ಅದ" ಎಂದು ಎರಡು ಸಲ ಕೂಗಿದರು. ಹೆಂಡತಿ ಥೂ ಥೂ ಎಂದು ಉಗುಳಿದಳು. ಆಕೆಯ ಬಾಯಿಗೆ ಹೊಟ್ಟು ಹೋಗಿತ್ತು.

ಎಂಟು ದಿನ ಒಣಗಿಸಿ ಹೊತ್ತಿಸಿದರು. ಹೊಗೆ ಕೊಳವೆಯೊಂದನ್ನು ಬಿಟ್ಟು ಎಲ್ಲ ಕಡೆಯಿಂದ ಬಂತು. ಬಾಯಿಂದ ಬಂತು, ತೂತಿನಿಂದ ಬಂತು, ಬೂದಿಯ ಕಿಂಡಿಯಿಂದ ಬಂತು. ಬೆಳಕಿಂಡಿಯಿಂದ ಹೊರಬಿದ್ದು ಕೇಶರಬಾಯಿಯ ಮುಖಕ್ಕೂ ಹೊಡೆಯಿತು. ಪಾಟೀಲರು ತಾಯಿಯನ್ನು ಮಂಚ ಸಮೇತ ಅಂಗಳಕ್ಕೆ ತಂದರು. ಅನುಸೂಯಾಬಾಯಿ ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ಗೋರಖ್ಯಾ, ಹೊಗಿ ಇಲ್ಲದ ಒಲಿ ಅಂದಿ. ಇದರಾಗ ಹೊಗಿ ಬಿಟ್ಟು ಬ್ಯಾರೆ ಏನೂ ಇಲ್ಲಲ್ಲೋ" ಎಂದಳು.

ತಪ್ಪು ಎಲ್ಲಿ ಎಂದು ಕೇಶರಬಾಯಿಗೂ ತಿಳಿಯಲಿಲ್ಲ. ಕಿಂಡಿಗೆ ಬಾಯಿಟ್ಟು, "ಅವ್ವಾರ, ಸುರಂಗದಾಗ ಬಟ್ಟು ಇಟ್ಟು ನೋಡ್ರಿ, ಮೂರು ಅವೇನು?" ಎಂದಳು.

"ಅವ. ಬರೋಬರಿ ಮೂರು."

"ಕೈ ಜರಾ ಕಿಂಡಿ ಹತ್ತಿರ ತರ್ರಿ."

ಸುಭದ್ರಾಬಾಯಿ ಬೆಳಕಿಗೆ ಕೈ ಹಿಡಿದಳು. ಕೇಶರಬಾಯಿ ಕಣ್ಣು ಹಚ್ಚಿ ನೋಡಿದಳು. ತೆಳ್ಳಗಿನ, ತೊಗರಿ ಕಡ್ಡಿಯಂಥ ಬೆರಳು. ತನ್ನ ಕೈ ನೋಡಿಕೊಂಡಳು. ಬೆರಳು ಮೂವತ್ತು ವರ್ಷ ಮಣ್ಣು ತಿಂದು ದಪ್ಪಗಾಗಿದ್ದವು, ಒಂದೊಂದೂ ಮೂಲಂಗಿಯಷ್ಟು. ಆಕೆಯ ಮೂರು ಬಟ್ಟು ಸುಭದ್ರಾಬಾಯಿಯ ಐದು ಬಟ್ಟಿಗೆ ಸಮ.

"ಅವ್ವಾರ, ಅವು ನಿಮ್ಮ ಬಟ್ಟು ಆದವು. ನನ್ನ ಬಟ್ಟು ಬೇಕ್ರಿ."

"ನಿನ್ನ ಬಟ್ಟು ನಾ ಎಲ್ಲಿಂದ ತರ್ಲೇ ಕೇಶರಿ?"

"ಅದನ್ನ ಪಾಟೀಲರಿಗಿ ಕೇಳ್ರಿ."

ತಪಾಸಣೆಗೆ ಆರು ದಿನ ಉಳಿದಿತ್ತು. ಮೈಸೂರು ಸಾಹೇಬರು ಶರಫೋದ್ದೀನನ ಕೈಯಲ್ಲಿ ಎರಡು ಚೀಟಿ ಕಳಿಸಿದ್ದರು. ಮೊದಲನೆಯದರಲ್ಲಿ "ದಯವಿಟ್ಟು" ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಪಾಟೀಲರು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಕೊನೆಗೆ ಆಕಾಶ ನೋಡುತ್ತ, "ಬಾ ಒಳಗ" ಎಂದರು, ಅಲ್ಲಿ ಮೇಲೆ ಯಾರಿಗೋ ಹೇಳಿದಂತೆ.

ಕೇಶರಬಾಯಿ ಹಿತ್ತಲಿನಿಂದ ಹೊರಟು, ಮನೆಯನ್ನು ಸುತ್ತಿ ಬಂದು, ಮುಂಬಾಗಿಲಿನಿಂದ ಒಳಗೆ ಕಾಲಿಟ್ಟಳು. ತನ್ನವರು ಮೂರು ತಲೆಮಾರು ಹಿತ್ತಲಲ್ಲಿ ನಿಂತ ಮನೆಯ ಒಳಗು ಹೇಗಿರುತ್ತದೆಂದು ಆಕೆಗೆ ಕುತೂಹಲವಿತ್ತು. ಕತ್ತಲಿತ್ತು, ತೊಲೆಗಳೆಲ್ಲ ಮಸಿ ಹಿಡಿದು ಜೋತಿದ್ದವು. ಇಷ್ಟಕ್ಕೇನಾ ಇಷ್ಟು ದಿನ ಕಾಯಿಸಿದ್ದು ಎನಿಸಿತು. ಹಳೆಯದನ್ನು ಒಡೆದು, ತನ್ನ ಬಟ್ಟಿನ ಅಳತೆಯಲ್ಲಿ ಎರಡು ದಿನದಲ್ಲಿ ಕಟ್ಟಿದಳು. ಸುಭದ್ರಾಬಾಯಿ ಮಣ್ಣು ಕಲಸಿ ಕೊಟ್ಟಳು. ಉಳಿದ ದಿನ ಸಣ್ಣ ಕಾವಿನಲ್ಲಿ ಒಣಗಿಸಿದರು. ರೊಟ್ಟಿಯ ಮಾತನ್ನು ಕೇಶರಬಾಯಿ ಮತ್ತೆ ಎತ್ತಲಿಲ್ಲ. ಪಾಟೀಲರು ಅದು ಮರೆತುಹೋಯಿತೆಂದು ತಿಳಿದರು.

ತಪಾಸಣೆಯ ದಿನ ಬೆಳಿಗ್ಗೆ ಒಲೆ ಹೊತ್ತಿತು. ಹೊಗೆ ತಲೆ ಬಗ್ಗಿಸಿ ಸುರಂಗ ಹೊಕ್ಕಿತು. ಸುಭದ್ರಾಬಾಯಿ ಎರಡು ಸಲ ಕಣ್ಣು ಒರೆಸಿಕೊಂಡಳು, ಒರೆಸಿಕೊಳ್ಳಲು ಏನೂ ಇರಲಿಲ್ಲ, ರೂಢಿ. ಮೊದಲ ರೊಟ್ಟಿ ಬಡಿದಳು, ತವೆಗೆ ಹಾಕಿದಳು, ತುಟಿಗೆ ನಿಲ್ಲಿಸಿದಳು. ಅದು ಗರ್ಭಿಣಿಯಂತೆ ಉಬ್ಬಿತು. ಕೇಶರಬಾಯಿ ಒಲೆಯ ಮಗ್ಗುಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಹೊಸಿಲಲ್ಲಿ ಪಾಟೀಲರು ಬಂದು ನಿಂತರು. "ಆಯ್ತಲ್ಲ. ಇನ್ನ ನೀ ಹಿತ್ತಲಿಗಿ ನಡಿ. ರೊಟ್ಟಿ ಅಲ್ಲೇ ಕೊಡ್ತಾರ, ಎರಡು ಕೊಡ್ತಾರ ಬೇಕಿದ್ರ."

"ನನಗ ಒಂದೇ ಸಾಕ್ರಿ."

"ಸಾಹೇಬರು ಬರ್ಲತ್ತಾರ, ಹಟ ಮಾಡಬ್ಯಾಡ."

ಕೇಶರಬಾಯಿ ಹಟ ಮಾಡಲಿಲ್ಲ. ಕೈ ಚಾಚಿ ಕೊಳವೆಯ ಬುಡದ ಬಿಲ್ಲೆಯನ್ನು ಅರ್ಧ ಸರಿಸಿದಳು, ಅಷ್ಟೇ. ಹೊಗೆ ಹಿಂದಿರುಗಿತು. ಮೊದಲು ಸುಮ್ಮನೆ ನೆಲದ ಮೇಲೆ ಹರಿಯಿತು, ಆಮೇಲೆ ಎದ್ದು ನಿಂತಿತು. ಪಾಟೀಲರು ಅಡುಗೆಮನೆಯ ಹೊಗೆಯಲ್ಲಿ ನಿಂತದ್ದು ಹುಟ್ಟಿದ ಮೇ‌ಲೆ ಅದೇ ಮೊದಲು. ಅವರಿಗೆ ಇದು ಇಷ್ಟು ಖಾರ ಇರುತ್ತದೆಂದು ಗೊತ್ತಿರಲಿಲ್ಲ.

"ಏನ್ ಮಾಡ್ಲತ್ತಿ?"

"ಏನಿಲ್ರಿ. ಈ ಒಲಿ ಇನ್ನೂ ಮನಿಗಿ ಹತ್ತಿಲ್ಲರಿ."

ಹೊರಗೆ ಜೀಪಿನ ಸದ್ದು ಕೇಳಿಸಿತು. ನಡುಮನೆಯ ಮಂಚದಿಂದ ಅನುಸೂಯಾಬಾಯಿಯ ಕೆಮ್ಮು ಶುರುವಾಯಿತು. ಪಾಟೀಲರು ಕಣ್ಣು ಉಜ್ಜುತ್ತ ಬಾಗಿಲ ಕಡೆ ನೋಡಿದರು, ಒಲೆಯ ಕಡೆ ನೋಡಿದರು. ಕೇಶರಬಾಯಿ ಬಿಲ್ಲೆಯನ್ನು ಇನ್ನೊಂದು ಬಟ್ಟು ಸರಿಸಿದಳು. ಆಕೆಯ ಬಟ್ಟು ದಪ್ಪ.

ಮಂಚದಿಂದ ಮುದುಕಿ ಕೂಗಿದಳು. "ಗೋರಖ್ಯಾ, ಕೊಡಸಲೇ ಆಕಿಗಿ ರೊಟ್ಟಿ. ನಿನ್ನ ಮಡಿ ಉಳೀತದ, ನಾ ಉಳಿಯಂಗಿಲ್ಲ."

ಸುಭದ್ರಾಬಾಯಿ ಗಂಡನ ಮಾತಿಗೆ ಕಾಯಲಿಲ್ಲ. ಹಿತ್ತಾಳೆಯ ತಾಟು ಎಳೆದು, ರೊಟ್ಟಿ ಇಟ್ಟು, ಪಕ್ಕಕ್ಕೆ ಶೇಂಗಾದ ಖಾರದ ಹಿಂಡಿ ಹಾಕಿ, ಎಣ್ಣೆ ಬಿಟ್ಟು, ಕೇಶರಬಾಯಿಯ ಮುಂದೆ ಸರಿಸಿದಳು. ಸರಿಸುವಾಗ ಇಬ್ಬರ ಬೆರಳೂ ತಾಟಿನ ಅಂಚಿನ ಮೇಲಿದ್ದವು. ಕೇಶರಬಾಯಿ ಬಿಲ್ಲೆ ತೆರೆದಳು. ಹೊಗೆ ಎದ್ದು ಹೊರಟಿತು. ಆಕೆ ರೊಟ್ಟಿ ಮುರಿದಳು.

ಮೊದಲ ತುತ್ತು ಬಾಯಲ್ಲಿರುವಾಗಲೇ ದೊಡ್ಡ ಸಾಹೇಬರು, ಹಿಂದೆ ಮೈಸೂರು ಸಾಹೇಬರು, ಅವರ ಹಿಂದೆ ಶರಫೋದ್ದೀನ ಒಳಗೆ ಬಂದರು. ಒಲೆಯ ಮುಂದೆ ತಾಟು ಇಟ್ಟುಕೊಂಡು ಆರಾಮಾಗಿ ಉಣ್ಣುತ್ತಿದ್ದ ಹೆಂಗಸನ್ನು ಕಂಡು ದೊಡ್ಡ ಸಾಹೇಬರು ಕೈ ಮುಗಿದರು.

"ಊಟ ಮಾಡಿ ತಾಯಿ, ಏಳಬೇಡಿ. ಈ ಮನೆಯ ಯಜಮಾನಿ ತಾವೇ ತಾನೆ?"

ಪಾಟೀಲರು ಬಾಯಿ ತೆರೆದರು. ಅಲ್ಲ ಎನ್ನಬೇಕು, ಅಲ್ಲ ಎಂದರೆ ಯಾರು ಎಂದು ಹೇಳಬೇಕು, ಹೇಳಿದರೆ ಇಷ್ಟು ವರ್ಷ ಹಿತ್ತಲಲ್ಲಿ ಏಕೆ ನಿಲ್ಲಿಸಿದ್ದಿರಿ ಎಂಬ ಮಾತು ಬರುತ್ತದೆ. ಬಾಯಿ ಮುಚ್ಚಿದರು. ಮೈಸೂರು ಸಾಹೇಬರು ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಒಲಿ ನಂದುರಿ. ಮನಿ ಪಾಟೀಲರದು" ಎಂದಳು ಕೇಶರಬಾಯಿ, ಇದ್ದದ್ದನ್ನು ಇದ್ದಂತೆ.

"ಎಲ್ಲರ ಮನೆಯಲ್ಲೂ ಹಾಗೆಯೇ ತಾಯಿ" ಎಂದು ದೊಡ್ಡ ಸಾಹೇಬರು ನಕ್ಕು, ಪುಸ್ತಕದಲ್ಲಿ ಬರೆದುಕೊಂಡರು.

ಏನು ಬರೆದರೋ ಗೊತ್ತಿಲ್ಲ. ಆ ವರದಿಯಲ್ಲಿ ಒಲೆಯ ಅಳತೆ ಬಂದಿರುತ್ತದೆ, ಮೈಸೂರು ಸಾಹೇಬರ ಹೆಸರು ಬಂದಿರುತ್ತದೆ. ಬಟ್ಟಿನ ದಪ್ಪಕ್ಕೆ ಅಂಥ ವರದಿಗಳಲ್ಲಿ ಜಾಗವಿರುವುದಿಲ್ಲ. ಶರಫೋದ್ದೀನ ಮಾತ್ರ ಹೋಗುವಾಗ ಹೊಸಿಲಲ್ಲಿ ನಿಂತು, "ಕೇಶರಬಾಯಿ, ಹ್ಯಾಂಗಾಗ್ಯಾದ ರೊಟ್ಟಿ?" ಎಂದು ಕೇಳಿದ.

"ಉಪ್ಪು ಕಮ್ಮಿ ಅದ" ಎಂದಳು ಆಕೆ.

ಪಾಟೀಲರು ರಾತ್ರೋರಾತ್ರಿ ಸುಧಾರಿಸಿದರೆಂದು ನಾನು ಸುಳ್ಳು ಬರೆಯಲಾರೆ. ಮರುದಿನವೇ ಗೋಮೂತ್ರ ತರಿಸಿದರು. ಅನುಸೂಯಾಬಾಯಿ ಆ ರಾತ್ರಿ ನಲವತ್ತು ವರ್ಷಗಳಲ್ಲಿ ಮೊದಲ ಸಲ ಬೆಳಗಿನ ತನಕ ನಿದ್ದೆ ಮಾಡಿ ಎದ್ದಿದ್ದಳು. ಮಂಚದ ಮೇಲೆ ಕೂತೇ ಹುಕುಂ ಕೊಟ್ಟಳು: "ನೆಲಕ್ಕ ಹೊಡಿ, ಗ್ವಾಡಿಗಿ ಹೊಡಿ. ಒಲಿಗಿ ಮಾತ್ರ ಹೊಡೀಬ್ಯಾಡ, ಹಸಿ ಆದ್ರ ಹೊಗಿ ಬಿಡ್ತದ."

ಆ ಮೇಲೆ ಊರೊಳಗಿನ ಹನ್ನೊಂದು ಮನೆಯವರು ಕೇಶರಬಾಯಿಗೆ ಹೇಳಿ ಕಳಿಸಿದರು. ಹನ್ನೊಂದು ಮನೆಗೂ ಆಕೆಯದು ಒಂದೇ ಮಾತು: ಮುಂಬಾಗಿಲಿನಿಂದ ಬರುತ್ತೇನೆ, ಮೊದಲ ರೊಟ್ಟಿ ಒಲೆಯ ಮಗ್ಗುಲಲ್ಲಿ ಕೂತು ತಿನ್ನುತ್ತೇನೆ. ನಾಲ್ಕು ಮನೆಯವರು ಒಪ್ಪಿದರು. ಏಳು ಮನೆಯವರು ಕೂತು ವಿಚಾರ ಮಾಡಿ ಹೊಗೆಯನ್ನೇ ಆರಿಸಿಕೊಂಡರು. ವಿಚಾರ ಮಾಡಿದವರು ಕಟ್ಟೆಯ ಮೇಲೆ ಕೂಡುವವರು, ಹೊಗೆ ಕುಡಿಯುವವರಲ್ಲ.

ಆ ಏಳರಲ್ಲಿ ಒಬ್ಬರು ಮಳೆಗಾಲದ ಒಂದು ಸಂಜೆ ಕಟ್ಟೆಯಿಂದ ಕೇಶರಬಾಯಿಯನ್ನು ಕರೆದು ನಿಲ್ಲಿಸಿದರು.

"ಕೇಶರಬಾಯಿ, ನಿನ್ನ ಮಾತು ವಿಚಾರ ಮಾಡೀನಿ. ಅಡಗಿಮನಿ ಹಿಂದಿನ ಗ್ವಾಡಿ ಒಡಿಸಿ ಮೊಳ ಅಗಲ ಕಿಟಕಿ ಇಡಸೀನಿ. ಇನ್ನ ನೀ ಹೊರಗ ನಿಂತೇ ಎರಡೂ ಕೈ ಒಳಗ ಹಾಕಿ ಕಟ್ಟಬಹುದು. ಬಟ್ಟಿನ ತಕರಾರು ಇಲ್ಲ."

"ಅಷ್ಟು ದೊಡ್ಡ ಕಿಟಕಿ ಇಡಸೀರಿ ಅಂದ್ರ ಅರ್ಧ ಹೊಗಿ ಹೋಗೇ ಹೋಗ್ತದರಿ. ಉಳದ ಅರ್ಧಕ್ಕ ಬಾಗಲಿ ತೆಗೀರಿ, ಬರ್ತೇನಿ."

ಒಳಗಿನಿಂದ ಅವರ ಹೆಂಡತಿಯ ಕೆಮ್ಮು ಬಂತು. ನಿಲ್ಲಲಿಲ್ಲ. ಕೇಶರಬಾಯಿ ಅದು ನಿಲ್ಲುವ ತನಕ ಬೀದಿಯಲ್ಲೇ ನಿಂತಳು. ಅವರು ಕೇಳಿಯೂ ಕೇಳದವರಂತೆ ಎಲೆಗೆ ಸುಣ್ಣ ಸವರಿದರು.

"ಒಂದು ವಾರ ಬಿಟ್ಟು ಹೇಳ್ತೇನಿ" ಎಂದರು.

ಆ ವಾರ ಮುಗಿಯಲು ಮೂರು ವರ್ಷ ಹಿಡಿಯಿತು.